ಪುಕ್ಕಟೆ ಸಿಕ್ಕಿದ್ದನ್ನು ಮಾರುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಕುಂಬಳೆ, ಬದಿಯಡ್ಕದ ಹುಡುಗರು ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕದಲ್ಲಿ ಪುಕ್ಕಟೆ ಹಂಚಲೆಂದೇ ಮಾಡಿದ ತೆಂಕುತಿಟ್ಟು ಯಕ್ಷಗಾನದ ಕಿರೀಟ ಈಗ ಅಲ್ಲಿನ ಒಂದು ಅಂಗಡಿಯಲ್ಲಿ 300 ಲಿಂಡನ್ ಡಾಲರಿಗೆ (ಅಲ್ಲಿನ ದುಡ್ಡು) ಮಾರಾಟಕ್ಕಿದೆ. ಇಟ್ಟವರು ಇದೇ ಗುಂಪಿನವರು. ಹೆಸರು ಹೇಳುವುದಿಲ್ಲ.

ಕಾಪಿ (ನಕಲು ಮಾಡುವುದು), ಟ್ರಾನ್ಸ್‌ಫರ್ (ಇನ್ನೊಬ್ಬರಿಗೆ ಕೊಡುವುದು) ಎರಡಕ್ಕೂ ಟಿಕ್ ಹಾಕಿ ಕೊಟ್ಟಿದ್ದಾರಲ್ಲ, ತಪ್ಪೇನು ಅಂತ ಕೇಳಬಹುದು. ನಿಜ, ಮಾರಲು ಯಾವ ಅಡ್ಡಿಯೂ ಇಲ್ಲ. ಆದರೆ ಆ ಟಿಕ್ ಹಾಕಿದ್ದು ಕಿರೀಟ ಕೈಯಿಂದ ಕೈಗೆ ದಾಟಲಿ ಅಂತ. 300 ಅಂದರೆ ಒಂದು ಅಮೆರಿಕನ್ ಡಾಲರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ದುಡ್ಡು ದೊಡ್ಡದಲ್ಲ. ಕೊಳ್ಳುವವರು ಯಾರು ನೋಡಿ: ನಿನ್ನೆ ಮೊನ್ನೆ ಸೇರಿದವರು, ಪುಕ್ಕಟೆ ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲದವರು. ಕಿರೀಟದ ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್ ತೆರೆದರೆ ಕ್ರಿಯೇಟರ್ ಎಂಬಲ್ಲಿ ನಮ್ಮ ಹುಡುಗನ ಹೆಸರೇ ಕಾಣುತ್ತದೆ. ಮೋಸ ಹೋದೆ ಅನ್ನಿಸಿದವರು ಬೈಯುವುದು ಅವನನ್ನೇ. ಒಬ್ಬರು ಆಗಲೇ ಮೆಸೇಜ್ ಮಾಡಿ ಬೈದಿದ್ದಾರೆ. ಅಂಚಿನ ಕೆಂಪು ಸರಿ ಬರಲಿಲ್ಲವೆಂದು ರಾತ್ರಿಯೆಲ್ಲ ಕೂತು ತಿದ್ದಿದ ಹುಡುಗ ಅವನು. ನನಗಂತೂ ತುಂಬಾ ಬೇಜಾರಾಗಿದೆ.

ಕಿರೀಟಕ್ಕೆ ನೀವೇ ವೇಷ, ಕುಣಿತದ ಅನಿಮೇಶನ್ ಸೇರಿಸಿದರೆ ಆ ಕೆಲಸಕ್ಕೆ ಬೆಲೆ ಇಡಿ, ಮಾಡಿದವನನ್ನು ಒಂದು ಮಾತು ಕೇಳಿ. ಸುಮ್ನೆ ಇದ್ದ ಹಾಗೇ ಮಾರುವುದು ಬೇಡ.

ಅಂಗಡಿಯಲ್ಲಿಟ್ಟವರು ಭಾನುವಾರದೊಳಗೆ ಬೆಲೆ ಸೊನ್ನೆ ಮಾಡಿ, ಇಲ್ಲವೇ ತೆಗೆದುಬಿಡಿ. ಹಂಚುವವರು ಇನ್ನು ಟ್ರಾನ್ಸ್‌ಫರ್ ಟಿಕ್ ತೆಗೆದು ಕಾಪಿ ಮಾತ್ರ ಇಡಿ. ಗೆಳೆಯರಿಗೆ ದಾಟಿಸಲು ಆಗುವುದಿಲ್ಲ, ಅದು ನಷ್ಟವೇ. ಬೇಕಾದವರು ಸೆಕೆಂಡ್ ಲೈಫಿನ ನಮ್ಮ ಜಾಗಕ್ಕೇ ಬಂದು ಪೆಟ್ಟಿಗೆಯಿಂದ ತೆಗೆದುಕೊಳ್ಳಲಿ.