ತೊಗರಿ ಚುನ್ನಿ ಅಂತ ಹೆಸರಿಟ್ಟುಕೊಂಡ ಮಗಳಿಗೆ

ಅವ್ವಾ ಗೌರಿ,

ಬೆಂಗಳೂರು ಮುಟ್ಟಿದೆ ಅಂತ ನಿಮ್ಮವ್ವನಿಗೆ ಮೆಸೇಜ್ ಹಾಕಿದೆಯಂತೆ. ನನಗೆ ಹಾಕಲಿಲ್ಲ, ಇರಲಿ. ಸ್ಟೇಷನ್‌ನಲ್ಲಿ ಏನೇನು ಮಾತಾಯ್ತು ಅನ್ನೋದು ನಿನಗೂ ಗೊತ್ತು, ನಿನ್ನ ಬೋಗಿಯವರಿಗೆಲ್ಲ ಗೊತ್ತು. ಅದನ್ನ ಬಿಡು.

ಮಿಲ್ಲಿನ ಹಮಾಲಿ ಹುಡುಗ ಫೋನ್ ತಂದು 'ಮುನೀಮರೇ, ಈ ಚಿತ್ರ ಬರೆಯೋಳು ನಿಮ್ಮ ಗೌರಿ ಅಲ್ವಾ' ಅಂದಾಗ ನಾನು ಮೊದಲು ನೋಡಿದ್ದು ಚಿತ್ರ ಅಲ್ಲ, ಮೇಲಿದ್ದ ಹೆಸರು. ತೊಗರಿಚುನ್ನಿ32. 32 ಅಂದರೆ ನಮ್ಮ ಕೆಎ-32 ಅಂತ ತಿಳೀತು. ಬೇಳೆ ಮಾಡಿದ ಮೇಲೆ ಉಳಿಯೋ ಪುಡಿ ಚುನ್ನಿ, ಅದು ಯಾಕೆ ಅಂತ ತಿಳೀಲಿಲ್ಲ. ಇಟ್ಟ ಹೆಸರಿಗೆ ಏನಾಗಿತ್ತು, ಯಾರಿಂದ ಮುಚ್ಚಿಡ್ತಿದ್ದಾಳೆ ಅಂತ ತಲೆ ಕೆಟ್ಟಿತು, ಸ್ಟೇಷನ್‌ನಲ್ಲಿ ಅದನ್ನೇ ಕೇಳಿದೆ. 'ನೀನೇ ಇಟ್ಟ ಹೆಸರಪ್ಪಾ, ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ' ಅಂದೆ ನೀನು. ರೈಲು ಹೊರಟಿತು.

ಮೂರು ದಿನದಿಂದ ಅದನ್ನೇ ತಿರುವಿ ತಿರುವಿ ನೋಡ್ತಿದ್ದೇನೆ. ಸೋಲಾಪುರದಿಂದ ನಿಮ್ಮ ಮಾವ ಬಂದಿದ್ದ. ಗಣಿತದಲ್ಲಿ 41. ಪೇಢೆ ಡಬ್ಬಿಯ ದಾರ ಗಂಟಾಗಿತ್ತು, ನೀನು ಹಲ್ಲಿನಿಂದ ಬಿಚ್ಚೋಕೆ ಹೋಗಿದ್ದೆ. ಆಗ ನಾನು 'ಬೇಳೆ ಆಗ್ತಾಳೆ ಅಂದುಕೊಂಡಿದ್ದೆ, ಚುನ್ನಿ ಆದಳು' ಅಂದೆ. ಎಲ್ಲರೂ ನಕ್ಕರು. ನೀನೂ ನಕ್ಕ ಹಾಗೆ ನನಗೆ ನೆನಪು. ನಕ್ಕಿದ್ದೆಯಾ? ಬಾಯಲ್ಲಿ ದಾರ ಇತ್ತಲ್ಲ, ಅದಕ್ಕೆ ಹಲ್ಲು ಕಂಡು ನಕ್ಕಳು ಅಂತ ನಾನೇ ಅಂದುಕೊಂಡೆನಾ? ನಿಮ್ಮವ್ವನನ್ನ ಕೇಳಿದರೆ ಪೇಢೆ ಹಳಸಿತ್ತು ಅನ್ನೋದೊಂದೇ ಅವಳಿಗೆ ನೆನಪು.

ಇಪ್ಪತ್ತೆರಡು ವರ್ಷದಿಂದ ಆ ಮಿಲ್ಲಿನ ಲೆಕ್ಕ ಬರೆಯೋನು ನಾನು. ಕ್ವಿಂಟಲ್ ತೊಗರಿಗೆ 70-75 ಕಿಲೋ ಬೇಳೆ ಇಳಿದರೆ ಸಾಹುಕಾರರ ಮುಖ ಅರಳ್ತದೆ. ಉಳಿದದ್ದು ಹೊಟ್ಟು, ನುಚ್ಚು, ಚುನ್ನಿ. 2019ರಲ್ಲಿ ನಮ್ಮ ಕಲಬುರಗಿ ತೊಗರಿ ಬೇಳೆಗೆ ಈ ಊರಿನದೇ ಅನ್ನೋ ಜಿಐ ಟ್ಯಾಗ್ ಬಂತು, ಚುನ್ನಿಗೆ ಯಾವ ಟ್ಯಾಗೂ ಇಲ್ಲ, ಹಿಂದಿನ ಬಾಗಿಲಿಂದ ಚೀಲದ ಲೆಕ್ಕದಲ್ಲಿ ಹೋಗ್ತದೆ. ಹಾಗಂತ ಎಮ್ಮೆ ಕಟ್ಟಿದವರನ್ನ ಕೇಳು, ಹಿಂಡೋ ಎಮ್ಮೆಗೆ ಚುನ್ನಿ ಬೇಕೇ ಬೇಕು ಅಂತಾರೆ. ಆದರೆ ಆ ದಿನ ನಾನು ಎಮ್ಮೆ ನೆನೆದು ಅಂದಿದ್ದಲ್ಲ. ತಪ್ಪಾಯ್ತು.

ಆದರೂ ಒಂದು ಹೇಳ್ತೀನಿ. ಅಕ್ಕಮಹಾದೇವಿ ತನ್ನ ವಚನಕ್ಕೆ ಚೆನ್ನಮಲ್ಲಿಕಾರ್ಜುನ ಅಂತ ಹಾಕಿಲ್ವಾ ಅಂತ ನನ್ನ ಬಾಯಿ ಮುಚ್ಚಿಸಿದೆಯಲ್ಲ, ಅಂಬಿಗರ ಚೌಡಯ್ಯ ಸ್ವಂತ ಹೆಸರೇ ಹಾಕಿದ್ದಾನೆ. ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು. ನನ್ನ ಇಮೇಲೇ ನೋಡು. ನಿಮ್ಮ ಹೆಸರಿನವರು ಆಗಲೇ ಇದ್ದಾರೆ, ಊರು ಸೇರಿಸ್ಲಾ ಅಂತ ನೆಟ್ ಸೆಂಟರ್ ಹುಡುಗ ಕೇಳಿದ, ಹೂಂ ಅಂದೆ. 2014ರ ನವೆಂಬರ್ 1ಕ್ಕೆ ಊರು ಕಲಬುರಗಿ ಆಯ್ತು, ಬಸ್ಸಿನ ಬೋರ್ಡೂ ಬದಲಾಯ್ತು, ಬ್ಯಾಂಕಿಗೆ ಕೊಟ್ಟಿದ್ದು ಅದೇ ಇಮೇಲ್, ನಾನು ಮಾತ್ರ ಅಲ್ಲಿ ಇನ್ನೂ ಗುಲ್ಬರ್ಗಾ. ಹಾಗಾಗಿ ಕೆಲಸದ ಅರ್ಜಿಗೆ ಸ್ವಂತ ಹೆಸರಿನದು ಬೇರೆ ಇಟ್ಕೋ. ಹುಟ್ಟಿದ ವರ್ಷ ಸೇರಿಸಬೇಡ, ಕಂಡವರು ವಯಸ್ಸು ಎಣಿಸ್ತಾರೆ. ಎಲ್ಲಾ ಕಡೆ ಒಂದೇ ಹೆಸರು ಇಡಬೇಡ, ಒಂದು ಎಳೆ ಸಿಕ್ಕರೆ ಪೂರ್ತಿ ಎಳೀತಾರೆ. ಪಿಜಿ ಫೋಟೋ ಹಾಕಬೇಡ. ಊಟ ಬಿಡಬೇಡ. ಇದೆಲ್ಲ ಬರೆಯಬಾರದು ಅಂತಲೇ ಕೂತಿದ್ದೆ ನೋಡು.

ಚಿತ್ರ ಆಮೇಲೆ ನನ್ನ ಫೋನಲ್ಲೇ ನೋಡಿದೆ. ಬಿಸಿಲಿಗೆ ತೊಗರಿ ಹರಡಿದ ಅಂಗಳದಲ್ಲಿ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಕುಂತ ಮುನೀಮ ನಾನೇ ಅಲ್ವಾ? ಚಪ್ಪಲಿಗೆ ಹೊಲಿಸಿದ ಕೆಂಪು ದಾರನೂ ಬಿಟ್ಟಿಲ್ಲ. ಸಾಹುಕಾರರಿಗೆ ತೋರಿಸಿದೆ. ಮೂರು ಸಲ ತೋರಿಸಿದೆ.

ನಿನ್ನೆ ರಾತ್ರಿಯಿಂದ ಆ ಹೆಸರು ಹುಡುಕಿದರೆ ಯಾರೂ ಸಿಗ್ತಿಲ್ಲ. ಹಮಾಲಿ ಹುಡುಗನನ್ನ ಕೇಳೋಕೆ ನಾಚಿಕೆ. ನನ್ನನ್ನ ಬ್ಲಾಕ್ ಮಾಡಿದ್ದರೆ ಇರಲಿ, ಸಿಟ್ಟು ಇಳಿದಾಗ ತೆಗಿ. ಹೆಸರೇ ಬದಲಿಸಿದ್ದರೆ, ಹೊಸದು ಏನಂತ ನಿಮ್ಮವ್ವನಿಗಾದರೂ ಹೇಳು.

ಅಪ್ಪ