ಚೀನೀ ನಿಘಂಟು ಹುಡುಕುವವರಿಗೆ ಒಂದು ಮಾತು

ಮಾನ್ಯ ಸಂಪಾದಕರೇ,

ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಮಶೀನುಗಳಲ್ಲಿ ಹೆಚ್ಚಿನವು ಚೀನಾದಿಂದ ಬಂದವು, ಒಂದೆರಡು ತೈವಾನಿನವು. ಅವರ ಜೊತೆ ಪತ್ರ ವ್ಯವಹಾರ ಮಾಡಿ ಮಾಡಿ, ಕಲಿತೇ ಬಿಡೋಣ ಅಂತ ನಾಲ್ಕು ವರ್ಷದ ಹಿಂದೆ ಚೀನೀ ಭಾಷೆ ಶುರು ಮಾಡಿದೆ. ಈಗ ಅಕ್ಕಪಕ್ಕದ ಶೆಡ್ಡುಗಳ ಹುಡುಗರು, ಚೀನಾಕ್ಕೆ ಮೆಡಿಕಲ್ ಓದಲು ಹೊರಟ ನೆಂಟರ ಮಕ್ಕಳು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಆನ್‌ಲೈನಿನಲ್ಲಿ ಇಷ್ಟೊಂದು ಚೀನೀ-ಇಂಗ್ಲಿಷ್ ಡಿಕ್ಷನರಿ ಇವೆಯಲ್ಲ, ಯಾವುದನ್ನು ಇಟ್ಟುಕೊಳ್ಳಲಿ? ಒಬ್ಬೊಬ್ಬರಿಗೆ ಹೇಳುವ ಬದಲು ನಿಮ್ಮ ಪತ್ರಿಕೆಗೇ ಬರೆದುಬಿಡುತ್ತಿದ್ದೇನೆ.

ಮೊದಲು ನನಗೆ ಬಿದ್ದ ಪೆಟ್ಟು ಹೇಳುತ್ತೇನೆ. ಒಂದು ಲೇತಿನ ಸ್ಪಿಂಡಲ್ ಬೇರಿಂಗ್ ಬಂದ ಒಂದೇ ತಿಂಗಳಲ್ಲಿ ಸದ್ದು ಮಾಡತೊಡಗಿತು. ಬೇರಿಂಗ್ ಕೆಟ್ಟಿದೆ ಅಂತ ನನಗೆ ಅನಿಸುತ್ತದೆ, ಬದಲಿ ಕಳಿಸಿ ಎಂದು ಕಂಪನಿಗೆ ಚೀನೀ ಭಾಷೆಯಲ್ಲೇ ಮೇಲ್ ಬರೆದೆ. ಆಗ ನನ್ನ ಫೋನಿನಲ್ಲಿ ಇದ್ದದ್ದು ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಿ ತೆಗೆದುಕೊಂಡ ಒಂದು ಆ್ಯಪ್. ಅದರಲ್ಲಿ ‘ಥಿಂಕ್’ ಎಂಬ ಇಂಗ್ಲಿಷ್ ಪದಕ್ಕೆ ನಾಲ್ಕು ಚೀನೀ ಪದ ಸಾಲಾಗಿ ಇದ್ದವು. ಯಾವುದಕ್ಕೂ ಒಂದು ಉದಾಹರಣೆ ವಾಕ್ಯ ಇರಲಿಲ್ಲ. ನಾನು ‘ಯೀ-ವೇಯ್’ ಎಂಬುದನ್ನು ಆರಿಸಿದೆ. ಮರುದಿನ ಬಂದ ಉತ್ತರ: ಹಾಗಿದ್ದರೆ ಸರಿ, ತೊಂದರೆ ಇಲ್ಲ ಎಂದಾಯಿತಲ್ಲ. ನನಗೆ ತಲೆಬುಡ ಅರ್ಥವಾಗಲಿಲ್ಲ. ನಾಲ್ಕು ಮೇಲ್ ಹೋಗಿ ಬಂದ ಮೇಲೆ ಗೊತ್ತಾಯಿತು, ಯೀ-ವೇಯ್ ಅಂದರೆ ಸಾಮಾನ್ಯವಾಗಿ ತಪ್ಪಾಗಿ ಹಾಗೆ ತಿಳಿದಿದ್ದೆ ಎಂಬ ಅರ್ಥ. ‘ಬೇರಿಂಗ್ ಕೆಟ್ಟಿದೆ ಅಂದುಕೊಂಡಿದ್ದೆ’ ಎಂದು ನಾನು ಬರೆದಿದ್ದೆ. ಅನಿಸುತ್ತದೆ ಎನ್ನಲು ‘ಚ್ವೆ-ತ’ ಎಂಬ ಬೇರೆಯೇ ಪದ ಇದೆ. ಬದಲಿ ಬೇರಿಂಗ್ ಎರಡು ವಾರ ತಡವಾಯಿತು, ಅಷ್ಟು ದಿನವೂ ಲೇತ್ ನಿಂತಿತ್ತು.

ಇದರಲ್ಲಿ ನನಗೆ ತುಂಬಾ ನೋವಾದದ್ದು ಒಂದು ವಿಷಯಕ್ಕೆ. ಅನಿಸುತ್ತದೆ, ಅಂದುಕೊಂಡಿದ್ದೆ. ಈ ಎರಡರ ವ್ಯತ್ಯಾಸ ಕನ್ನಡದ ಐದು ವರ್ಷದ ಮಗುವಿಗೂ ಗೊತ್ತು, ಅಲ್ವಾ? ಚೀನೀ ಭಾಷೆಯಲ್ಲಿ ಇತ್ತು, ಕನ್ನಡದಲ್ಲಿ ಇತ್ತು, ನಡುವೆ ನಿಂತ ಇಂಗ್ಲಿಷಿನ ಒಂದು ಪದದಲ್ಲಿ ಮಾತ್ರ ಕಳೆದುಹೋಗಿತ್ತು.

ಆಮೇಲೆ ಆ ಆ್ಯಪನ್ನು ಬೇರೆ ನಿಘಂಟುಗಳ ಜೊತೆ ಇಟ್ಟು ನೋಡಿದೆ. ಅದರ ಅರ್ಥಗಳು ಅಕ್ಷರಕ್ಕಕ್ಷರ ಒಂದು ಉಚಿತ ನಿಘಂಟಿನವು, ಅದೂ ಹಳೇ ಪ್ರತಿ. ಸಿಸಿ-ಸೆಡಿಕ್ಟ್ ಅಂತ ಅದರ ಹೆಸರು. ಜಪಾನೀ-ಇಂಗ್ಲಿಷ್ ನಿಘಂಟೊಂದನ್ನು ಮಾದರಿಯಾಗಿ ಇಟ್ಟುಕೊಂಡು 1997ರಲ್ಲಿ ಪಾಲ್ ಡೆನಿಸೋವ್‌ಸ್ಕಿ ಎಂಬವರು ಇದನ್ನು ಶುರು ಮಾಡಿದರು. ಈಗ ಎಂಡಿಬಿಜಿ ಎಂಬ ತಾಣದವರು ನೋಡಿಕೊಳ್ಳುತ್ತಾರೆ. 1,20,000ಕ್ಕೂ ಹೆಚ್ಚು ಪದಗಳಿವೆ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು, ಸಂಪಾದಕರು ನೋಡಿ ಸೇರಿಸುತ್ತಾರೆ. ಮೂಲದ ಹೆಸರು ಹೇಳಿ, ತಾವು ತಿದ್ದಿ ಮಾಡಿದ್ದನ್ನೂ ಅದೇ ಷರತ್ತಿನ ಮೇಲೆ ಬೇರೆಯವರಿಗೆ ಬಿಟ್ಟುಕೊಡುವುದಾದರೆ ಯಾರು ಬೇಕಾದರೂ ಬಳಸಿಕೊಳ್ಳಬಹುದು. ಅಲ್ಲಿ ಯೀ-ವೇಯ್ ಹುಡುಕಿದರೆ, ಸಾಮಾನ್ಯವಾಗಿ ಆ ತಿಳಿವಳಿಕೆ ತಪ್ಪು ಎಂಬ ಸೂಚನೆ ಇರುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಜನ ತಿದ್ದುತ್ತಾ ಬಂದ ಪುಸ್ತಕ ಅದು. ನಾನು ದುಡ್ಡು ಕೊಟ್ಟು ತೆಗೆದುಕೊಂಡದ್ದು ಅದರ ತಂಗಳು. ಆದ್ದರಿಂದ ದುಡ್ಡು ಕಟ್ಟುವ ಮುಂಚೆ, ಈ ಆ್ಯಪಿನ ಪದಗಳು ಎಲ್ಲಿಂದ ಬಂದವು, ಕೊನೆಯ ಬಾರಿ ಯಾವಾಗ ಹೊಸದು ಮಾಡಿದರು ಅಂತ ಅದರ ‘ಅಬೌಟ್’ ಪುಟದಲ್ಲಿ ನೋಡಿ. ಅಲ್ಲಿ ಏನೂ ಬರೆದಿಲ್ಲ ಅಂದರೆ ಬಿಟ್ಟುಬಿಡಿ.

ನಾನು ಈಗ ದಿನವೂ ಬಳಸುವುದು ಎರಡು. ಕಂಪ್ಯೂಟರಿನಲ್ಲಿ ಎಂಡಿಬಿಜಿ, ಫೋನಿನಲ್ಲಿ ಪ್ಲೇಕೋ. ಪ್ಲೇಕೋ ಉಚಿತವಾಗಿ ಸಿಗುತ್ತದೆ, ಬೇಕಾದವರು ದುಡ್ಡು ಕೊಟ್ಟು ಇನ್ನಷ್ಟು ನಿಘಂಟು ಸೇರಿಸಿಕೊಳ್ಳಬಹುದು. ಉಚಿತವಾಗಿ ಬರುವುದರಲ್ಲೇ ಉದಾಹರಣೆ ವಾಕ್ಯಗಳಿವೆ, ನನಗೆ ಮುಖ್ಯ ಅದೇ. ಪದ ಎಷ್ಟು ಲಕ್ಷ ಇದೆ ಎನ್ನುವುದನ್ನು ಹೊಸಬರು ಸುಮ್ನೆ ದೊಡ್ಡದು ಮಾಡುತ್ತಾರೆ. ಮೊದಲ ಎರಡು ವರ್ಷ ನಿಮಗೆ ಬೇಕಾಗುವುದು ಎರಡು ಮೂರು ಸಾವಿರ ಪದ. ಅಷ್ಟನ್ನು ಸರಿಯಾಗಿ ತೋರಿಸಿದರೆ ಸಾಕು.

ಸರಿಯಾಗಿ ಅಂದರೆ ಏನು ಅಂತ ಒಂದು ಪದದಲ್ಲೇ ತೋರಿಸುತ್ತೇನೆ. ಲೇತಿಗೆ ಅವರು ‘ಛ-ಛ್ವಾಂಗ್’ ಎನ್ನುತ್ತಾರೆ, ಎರಡು ಅಕ್ಷರ. ಒಂದೊಂದೇ ಅಕ್ಷರ ಹುಡುಕಿದರೆ ಮೊದಲನೆಯದು ಗಾಡಿ, ಎರಡನೆಯದು ಮಂಚ. ಗಾಡಿ ಮಂಚ! ಚೀನೀ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಆದ್ದರಿಂದ ಎರಡೂ ಅಕ್ಷರ ಸೇರಿ ಒಂದು ಪದ ಅಂತ ನಿಘಂಟೇ ಗುರುತಿಸಿ ಕೊಡಬೇಕು. ಡ್ರಿಲ್ಲಿಂಗ್ ಮಶೀನು, ಗ್ರೈಂಡಿಂಗ್ ಮಶೀನು ಎಲ್ಲದರ ಹೆಸರಿನ ಕೊನೆಗೂ ಇದೇ ಮಂಚ ಬರುತ್ತದೆ. ಲೇತಿನ ಬೆಡ್ ಅಂತ ನಾವೂ ಶೆಡ್ಡಿನಲ್ಲಿ ದಿನವೂ ಹೇಳುತ್ತೇವಲ್ಲ, ಅದು ಹೊಳೆದ ದಿನದಿಂದ ಆ ಪದ ಮರೆತಿಲ್ಲ.

ಇನ್ನು ದನಿ. ಖರೀದಿ ವಿಭಾಗದವನಿಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ, ಯಾಕೆಂದರೆ ಕೊಳ್ಳುವುದಕ್ಕೂ ಮಾರುವುದಕ್ಕೂ ಅವರ ಭಾಷೆಯಲ್ಲಿ ಒಂದೇ ಉಚ್ಚಾರ, ‘ಮಾಯ್’. ದನಿ ಕೆಳಗೆ ಇಳಿಸಿ ಸ್ವಲ್ಪ ಎತ್ತಿದರೆ ಕೊಳ್ಳು, ಮೇಲಿನಿಂದ ಥಟ್ಟನೆ ಇಳಿಸಿದರೆ ಮಾರು. ಬರೆಯುವಾಗ ಕೊಳ್ಳು ಎಂಬ ಅಕ್ಷರದ ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥದ್ದು ಒಂದು ಇಟ್ಟರೆ ಮಾರು ಆಗುತ್ತದೆ, ಅದು ಕಣ್ಣಿಗೆ ಸಿಗುತ್ತದೆ. ಕಿವಿಗೆ ಸಿಗಬೇಕಾದರೆ ಮನುಷ್ಯರ ದನಿಯಲ್ಲಿ ರೆಕಾರ್ಡ್ ಮಾಡಿದ ಉಚ್ಚಾರ ಬೇಕು. ಅದಿಲ್ಲದ ನಿಘಂಟು ಕಲಿಯುವವರಿಗೆ ಬೇಡ.

ಉಚ್ಚಾರದಲ್ಲಿ ಕನ್ನಡದವರಿಗೆ ಒಂದು ದೊಡ್ಡ ಅನುಕೂಲ ಇದೆ, ಯಾರೂ ಹೇಳಿಕೊಡುವುದಿಲ್ಲ. ಚೀನೀ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ 1958ರಲ್ಲಿ ಬಂತು. ಅದರಲ್ಲಿ ಬಿ, ಡಿ, ಜಿ ಎಂದು ಬರೆದದ್ದನ್ನು ನಾವು ಬ, ದ, ಗ ಅಂತ ಓದಿಬಿಡುತ್ತೇವೆ. ಅವು ನಿಜವಾಗಿ ನಮ್ಮ ಪ, ತ, ಕ. ಪಿ, ಟಿ, ಕೆ ಎಂದು ಬರೆದವು ನಮ್ಮ ಮಹಾಪ್ರಾಣಗಳು. ಬೀಜಿಂಗ್ ಅವರ ಬಾಯಲ್ಲಿ ಪೇಯ್‌ಚಿಂಗ್‌ಗೆ ಹತ್ತಿರ. ಅಲ್ಪಪ್ರಾಣ, ಮಹಾಪ್ರಾಣ ಅಂತ ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ನಮಗೆ ಇದು ಒಂದು ವಾರದ ಕೆಲಸ. ಪಿನ್‌ಯಿನ್ ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಂಡು, ರೆಕಾರ್ಡಿಂಗ್ ಕೇಳಿ ತಾಳೆ ನೋಡಿ.

ಉಚ್ಚಾರ ಗೊತ್ತಿಲ್ಲದ ಅಕ್ಷರ ಎದುರಾದರೆ ಬೆರಳಲ್ಲಿ ಬರೆದು ಹುಡುಕುವ ಸೌಲಭ್ಯ ಬೇಕೇ ಬೇಕು. ನಮ್ಮ ಮಶೀನಿನ ಕೆಂಪು ಗುಂಡಿಯ ಮೇಲೆ ಎರಡು ಅಕ್ಷರ ಇತ್ತು, ಆಪರೇಟರ್ ಹುಡುಗ ಬಂದು ಅಣ್ಣಾ ಇದೇನು ಅಂದ. ಎರಡನೆಯ ಅಕ್ಷರದ ಎಡಗಡೆ ಮನುಷ್ಯನ ಗುರುತು, ಬಲಗಡೆ ಮಂಟಪ ಎಂಬ ಅಕ್ಷರ. ಮಂಟಪಕ್ಕೆ ಅವರು ‘ಥಿಂಗ್’ ಎನ್ನುತ್ತಾರೆ, ಇಲ್ಲಿ ಅದು ಉಚ್ಚಾರ ಕೊಡಲು ಬಂದದ್ದು. ಥಿಂಗ್ ಅಂದರೆ ನಿಲ್ಲು. ‘ಚೀ-ಥಿಂಗ್’, ತುರ್ತಾಗಿ ನಿಲ್ಲಿಸುವ ಗುಂಡಿ. ಆವತ್ತೇ ಅದರ ಕೆಳಗೆ ಕನ್ನಡದಲ್ಲಿ ಬರೆದು ಅಂಟಿಸಿದೆವು. ತೈವಾನಿನ ಮಶೀನಾದರೆ ಅಕ್ಷರಗಳೇ ಹಳೇ ರೂಪದವು. ಮಶೀನು ಎಂಬ ಅಕ್ಷರ ಚೀನಾದಲ್ಲಿ 6 ಗೆರೆ, ತೈವಾನಿನಲ್ಲಿ 16 ಗೆರೆ. ನೋಡಿದರೆ ಸಂಬಂಧವೇ ಇಲ್ಲ ಅನಿಸುತ್ತದೆ. ಎರಡೂ ರೂಪ ತೋರಿಸುವ ನಿಘಂಟನ್ನೇ ಇಟ್ಟುಕೊಳ್ಳಿ.

ಎಣಿಸುವ ಪದಗಳನ್ನೂ ನಿಘಂಟು ಕೊಡಬೇಕು. ನಾವು ಒಂದು ಕಟ್ಟು ಸೊಪ್ಪು, ಎರಡು ಮೊಳ ಹೂವು ಅನ್ನುವ ಹಾಗೆ ಅವರು ಪ್ರತಿಯೊಂದನ್ನೂ ಹೀಗೇ ಎಣಿಸುತ್ತಾರೆ. ಮಶೀನಿಗೆ ‘ಥಾಯ್’, ಪುಸ್ತಕಕ್ಕೆ ‘ಪನ್’.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಚೀನೀ-ಇಂಗ್ಲಿಷ್ ನಿಘಂಟಿನಲ್ಲಿ ಬ್ರದರ್ ಅಂತ ಹುಡುಕಿ ನೋಡಿ. ‘ಕ-ಕ’ ಸಿಗುತ್ತದೆ, ‘ತೀ-ತಿ’ ಸಿಗುತ್ತದೆ, ಪಕ್ಕದಲ್ಲಿ ವಿವರಣೆ. ನಮಗೆ ವಿವರಣೆ ಯಾಕೆ ಬೇಕು? ಕ-ಕ ಅಂದರೆ ಅಣ್ಣ, ತೀ-ತಿ ಅಂದರೆ ತಮ್ಮ. ಚ್ಯೆ-ಚ್ಯೆ ಅಕ್ಕ, ಮೇಯ್-ಮೇಯ್ ತಂಗಿ. ಇಂಗ್ಲಿಷಿನ ಅಂಕಲ್ ಅವರಲ್ಲಿ ಮೂರು ನಾಲ್ಕು ಆಗುತ್ತದೆ: ಪ್ವೋ-ಪ್ವೋ ದೊಡ್ಡಪ್ಪ, ಶೂ-ಶು ಚಿಕ್ಕಪ್ಪ, ಚ್ಯೋ-ಚ್ಯೋ ಸೋದರಮಾವ. ಅಪ್ಪನ ಅಕ್ಕತಂಗಿಯರಿಗೆ ಬೇರೆ ಪದ, ಅಮ್ಮನ ಅಕ್ಕತಂಗಿಯರಿಗೆ ಬೇರೆ. ಊಟಕ್ಕೆ ಬನ್ನಿ. ಗದ್ದೆಯಲ್ಲಿರುವುದು ‘ತಾವ್-ತ್ಸ’, ಅಂಗಡಿಯಲ್ಲಿರುವುದು ‘ಮೀ’, ತಟ್ಟೆಯಲ್ಲಿರುವುದು ‘ಫ಼ಾನ್’. ಭತ್ತ, ಅಕ್ಕಿ, ಅನ್ನ. ಇಂಗ್ಲಿಷಿನಲ್ಲಿ ಹೆಚ್ಚಾಗಿ ಮೂರಕ್ಕೂ ರೈಸ್. ನೀನು ಎನ್ನಲು ‘ನೀ’, ಹಿರಿಯರಿಗೆ ಗೌರವದಿಂದ ಹೇಳುವಾಗ ‘ನಿನ್’. ಇಂಗ್ಲಿಷಿನಲ್ಲಿ ಎರಡಕ್ಕೂ ಯೂ. ಇಷ್ಟು ಹತ್ತಿರ ಇರುವ ಎರಡು ಭಾಷೆಗಳ ನಡುವೆ ನಾವು ಸುತ್ತು ಹಾಕಿ ಹೋಗುತ್ತಿದ್ದೇವೆ.

ಅದಕ್ಕೇ ಎಲ್ಲರಿಗೂ ಹೇಳುತ್ತೇನೆ, ಇಂಗ್ಲಿಷ್ ಅರ್ಥ ನೋಡಿ ನಿಲ್ಲಬೇಡಿ, ಉದಾಹರಣೆ ವಾಕ್ಯ ಓದಿ, ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತೇವೆ ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

ಪತ್ರಿಕೆಯ ಮೂಲಕ ಒಂದು ಕೋರಿಕೆಯೂ ಇದೆ. ಸೆಡಿಕ್ಟನ್ನು ನೋಡಿ ಜರ್ಮನರು ತಮ್ಮ ಭಾಷೆಗೆ ಹ್ಯಾನ್‌ಡೆಡಿಕ್ಟ್ ಮಾಡಿಕೊಂಡರು, ಫ್ರೆಂಚರು ಸಿಎಫ್‌ಡಿಕ್ಟ್ ಮಾಡಿಕೊಂಡರು. ನಮಗೇನು ಕೈಲಾಗದ ಕೆಲಸವೇ? 1894ರಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದ ನಾಡು ಇದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಒಂದೂವರೆ ಲಕ್ಷ ಪದಗಳೊಂದಿಗೆ ಇವತ್ತು ಆನ್‌ಲೈನಿನಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಚೀನೀ ಬಲ್ಲ ಕನ್ನಡಿಗರು ಹತ್ತು ಜನ ಸೇರಿದರೆ, ದಿನಬಳಕೆಯ ಒಂದು ಸಾವಿರ ಪದಕ್ಕೆ ಚೀನೀ-ಕನ್ನಡ ಅರ್ಥ, ಒಂದೊಂದು ವಾಕ್ಯ ಸಮೇತ, ಒಂದು ವರ್ಷದಲ್ಲಿ ಮಾಡಬಹುದು. ಷೆನ್‌ಜೆನ್‌ನಲ್ಲೋ ಗ್ವಾಂಗ್‌ಜೌನಲ್ಲೋ ಕೆಲಸದಲ್ಲಿರುವವರು, ಅಲ್ಲಿ ಮೆಡಿಕಲ್ ಓದಿ ಬಂದ ಡಾಕ್ಟರುಗಳು ಇದನ್ನು ಓದಿದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ.

ನನ್ನ ಹತ್ತಿರ ಇನ್ನೂರು ಪುಟದ ಎರಡು ನೋಟ್‌ಬುಕ್ ತುಂಬಿವೆ, ಎಡಗಡೆ ಚೀನೀ, ಬಲಗಡೆ ಕನ್ನಡ. ಯಾರು ಶುರು ಮಾಡಿದರೂ ಎರಡನ್ನೂ ಕೊಡುತ್ತೇನೆ. ಮೊದಲ ಪುಟದ ಮೊದಲ ಸಾಲು: ಕ-ಕ, ಅಣ್ಣ.

ಇಂತಿ,
ನಿಮ್ಮ ಓದುಗ
ಪೀಣ್ಯ, ಬೆಂಗಳೂರು