ಮಂಡಳಿ ವರದಿ ಮಂಡನೆಯಾದರೆ ಸಾಲದು, ಚರ್ಚೆಯಾಗಲಿ

ಮಾನ್ಯರೇ,

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ 371(ಜೆ) ವಿಧಿ ಎಂದ ಕೂಡಲೇ ನಮ್ಮ ಭಾಗದಲ್ಲಿ ಬರುವುದು ಸೀಟು ಮತ್ತು ನೇಮಕಾತಿಯ ಮಾತು. ಅದೇ ವಿಧಿಯಲ್ಲಿ ಇನ್ನೊಂದು ಸಾಲಿದೆ: ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಕಾರ್ಯವೈಖರಿಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಏಳು ಜಿಲ್ಲೆಗಳ ಪಾಲಿನ ಇಷ್ಟು ಹಣದ ಲೆಕ್ಕ ಕೇಳಲು ಸದನದಲ್ಲಿ ಒಂದು ಪೂರ್ತಿ ದಿನವಾದರೂ ಬೇಡವೇ?

ವರದಿ ಮುಂದಿಡಬೇಕು ಎಂದಿದೆಯೇ ಹೊರತು ಚರ್ಚಿಸಲೇಬೇಕು ಎಂದು ಸಂವಿಧಾನದಲ್ಲಿಲ್ಲ. ಕಾಗದಪತ್ರ ಮಂಡನೆ ಕೆಲವೇ ನಿಮಿಷಗಳ ಕೆಲಸ. ಅಲ್ಲಿಂದ ಮುಂದೆ ಸದಸ್ಯರೇ ಸಾರ್ವಜನಿಕ ಮಹತ್ವದ ವಿಷಯದ ಚರ್ಚೆಗೆ ಅವಕಾಶ ಕೊಡುವ ಸದನದ ನಿಯಮ 69ರಡಿ ಸೂಚನೆ ಕೊಟ್ಟು ಅದನ್ನು ಚರ್ಚೆಗೆ ಎಳೆಯಬೇಕು.

ಇನ್ನು ಸದನದಲ್ಲಿ ಕೇಳುವ ಪ್ರಶ್ನೆಗಳ ವಿಷಯ. ಪ್ರಶ್ನೆ ಬರೆಯುವಾಗಲೇ ಅರ್ಧ ಸೋಲುತ್ತೇವೆ. ‘ಯಾದಗಿರಿ ಜಿಲ್ಲೆಯಲ್ಲಿ ಶಾಲಾ ಕೊಠಡಿಗಳ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಪ್ರಶ್ನೆಯ (ಅ) ಭಾಗದಲ್ಲಿ ಕೇಳಿದರೆ ಎದುರಿನ ಕಾಲಂನಲ್ಲಿ ‘ಬಂದಿದೆ’ ಎಂಬ ಒಂದೇ ಪದ ಸಾಕಾಗುತ್ತದೆ. ‘ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಎಂಬ (ಆ) ಭಾಗಕ್ಕೆ ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು’ ಎಂದರೆ ಮುಗಿಯಿತು. ಅಧಿಕಾರಿಗಳು ಒಂದು ಕಡತವನ್ನೂ ಬಿಚ್ಚಬೇಕಿಲ್ಲ.

ಬದಲಿಗೆ ತಾಲ್ಲೂಕುವಾರು, ಕಾಮಗಾರಿವಾರು ಕೇಳಬೇಕು. ಆಡಳಿತಾತ್ಮಕ ಅನುಮೋದನೆ ಯಾವ ದಿನ, ಅಂದಾಜು ಮೊತ್ತ ಎಷ್ಟು, ಕಾರ್ಯಾದೇಶ ಕೊಟ್ಟದ್ದು ಯಾವಾಗ, ಮುಗಿಯಬೇಕಿದ್ದುದು ಯಾವಾಗ, ಕಟ್ಟಡವು ಇಲಾಖೆಗೆ ಹಸ್ತಾಂತರವಾದ ದಿನ ಯಾವುದು? ಮುಖ್ಯವಾಗಿ ‘ಬಿಡುಗಡೆ’ಗೂ ‘ವೆಚ್ಚ’ಕ್ಕೂ ಬೇರೆ ಬೇರೆ ಕಾಲಂ ಕೇಳಬೇಕು. ಹಣ ಅನುಷ್ಠಾನ ಏಜೆನ್ಸಿಯ ಖಾತೆಗೆ ಹೋದುದನ್ನೇ ಖರ್ಚು ಎಂದು ತೋರಿಸಿದರೆ, ಗೋಡೆ ಏಳದಿದ್ದರೂ ಪ್ರಗತಿ ನೂರಕ್ಕೆ ತೊಂಬತ್ತು ಎಂದು ಕಾಣುತ್ತದೆ. ಹಸ್ತಾಂತರದ ಕಾಲಂ ಖಾಲಿ ಇದ್ದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದಲ್ಲೇ ಇವೆ. ಜಿಲ್ಲೆಯ ಒಟ್ಟು ಮೊತ್ತವನ್ನಷ್ಟೇ ಕೇಳಿದರೆ ಆ ತಾಲ್ಲೂಕುಗಳ ಪಾಲು ಜಿಲ್ಲಾ ಕೇಂದ್ರದ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ.

ಇಂಥ ಉದ್ದನೆಯ ಪಟ್ಟಿಯನ್ನು ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರದ ಪ್ರಶ್ನೆಯಲ್ಲಿ ಮೊದಲೇ ತರಿಸಿಕೊಳ್ಳಬೇಕು. ಅದು ಕೈಯಲ್ಲಿದ್ದರೆ ಸದನದಲ್ಲೇ ಮೌಖಿಕವಾಗಿ ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆ ಬಂದಾಗ ಉಪಪ್ರಶ್ನೆ ಹಾಕಿ ಸಚಿವರನ್ನು ನಿಲ್ಲಿಸಿ ಕೇಳಬಹುದು. ‘ಪರಿಶೀಲಿಸಲಾಗುವುದು’ ಎಂದು ಸಚಿವರು ಹೇಳಿದರೆ ಅದೂ ವ್ಯರ್ಥವಲ್ಲ. ದಿನಾಂಕ, ಪ್ರಶ್ನೆ ಸಂಖ್ಯೆ ಹಾಕಿ, ಸಚಿವರು ಸದನದಲ್ಲಿ ಕೊಟ್ಟ ಮಾತು ಈಡೇರಿತೇ ಎಂದು ನೋಡುವ ಸರ್ಕಾರಿ ಭರವಸೆಗಳ ಸಮಿತಿಗೆ ಬರೆದು ಬೆನ್ನು ಹತ್ತಬೇಕು. ಸಂಸತ್ತಿನಲ್ಲಿ ಭರವಸೆ ಈಡೇರಿಸಲು ಮೂರು ತಿಂಗಳ ಗಡುವು ಇದೆ.

ಸಂಸತ್ತಿನ ಉಳಿದ ಸ್ಥಿತಿಯಂತೂ ಹೆಮ್ಮೆಪಡುವಂಥದ್ದಲ್ಲ. 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸದಸ್ಯರು ಅಮಾನತಾದರು. ಸದಸ್ಯರು ಹೊರಗಿದ್ದರೆ ಅವರ ಕ್ಷೇತ್ರದ ಪ್ರಶ್ನೆಯೂ ಹೊರಗೇ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲೇ ಕಾನೂನು ಮಾಡಿಕೊಂಡಿದ್ದೇವೆ. ಅದರ ಪಾಲನೆ ಆಗದಿದ್ದಾಗ ಪಕ್ಷಭೇದವಿಲ್ಲದೆ ಎಲ್ಲರೂ ಸುಮ್ಮನಿರುತ್ತಾರೆ, ಇದು ನೋವಿನ ಸಂಗತಿ.

ಬೆಳಗಾವಿ ಅಧಿವೇಶನಕ್ಕೆ ಮುನ್ನ ಕಲಬುರಗಿ, ಬೀದರ್, ಯಾದಗಿರಿ ಶಾಸಕರು ಒಟ್ಟಾಗಿ ಸಭಾಧ್ಯಕ್ಷರಿಗೆ ಒಂದು ಬೇಡಿಕೆ ಇಡಲಿ. ಮಂಡಳಿಯ ವರದಿ ಅಧಿವೇಶನದ ಮೊದಲ ದಿನವೇ ಸದನಕ್ಕೆ ಬರಲಿ. ಕೊನೆಯ ದಿನ ಬಂದರೆ ಓದಲು, ಲೆಕ್ಕ ತಾಳೆ ನೋಡಲು ಯಾರಿಗೂ ಸಮಯ ಸಿಗುವುದಿಲ್ಲ.

– ಓದುಗರೊಬ್ಬರು, ಕಲಬುರಗಿ